ಮಂಟಪ ಮುಳುಗಿತೇ?

ಮಳೆಗಾಲದಲ್ಲಿ ದೂರದೂರುಗಳಿಂದ ಕರೆಮಾಡುವ ನನ್ನ ಹಳೆಯ ವಿದ್ಯಾರ್ಥಿಗಳ ಮೊದಲ ಪ್ರಶ್ನೆ, "ಸಾರ್, ಮಂಟಪ ಮುಳುಗಿತಾ?" ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗಿರುವ ಆ ಕಲ್ಲುಮಂಟಪವೇ ಶಿವಮೊಗ್ಗೆಯವರ ಅಳತೆಗೋಲು. ಆದರೆ ಅದು ಬಂದ ನೀರನ್ನು ತೋರಿಸೀತೇ ಹೊರತು ಬರಲಿರುವ ನೀರನ್ನಲ್ಲ.

ದೇಶದಲ್ಲಿ ಶಾಸ್ತ್ರೀಯ ಪ್ರವಾಹ ಮುನ್ಸೂಚನೆ 1958ರಲ್ಲಿ ದೆಹಲಿಯ ಯಮುನೆಯಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ಹುಟ್ಟಿದ ಘಟಕವು 2007ರಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬರ ಕಾಯಲು ಬಂದವರೇ ನೆರೆಯನ್ನೂ ಕಾಯಬೇಕಾಯಿತು! ಈಗ ಮಳೆಮಾಪಕಗಳ ಲೆಕ್ಕ ತಾನಾಗಿಯೇ ಬೆಂಗಳೂರು ಸೇರುತ್ತದೆ.

ಭದ್ರಾವತಿಯ ನಮ್ಮ ಬಂಧುಗಳಿಗೆ ಸ್ವಲ್ಪ ಕಾಲಾವಕಾಶವುಂಟು. 71.5 ಟಿಎಂಸಿಯ ಭದ್ರಾ ಜಲಾಶಯವು 186 ಅಡಿಯತ್ತ ಏರುವುದನ್ನು ಅವರು ದಿನದಿನವೂ ಪತ್ರಿಕೆಯಲ್ಲಿ ನೋಡುತ್ತಿರುತ್ತಾರೆ. ಗಾಜನೂರಿನ ತುಂಗಾ ಅಣೆಕಟ್ಟೆಯದು ಕೇವಲ 3.24 ಟಿಎಂಸಿ, ತುಂಬಿದ ಮೇಲೆ ಒಳಬಂದಷ್ಟೂ ಹೊರಕ್ಕೆ. ಹೀಗಾಗಿ ನಮಗೆ ಬರುವ ಸುದ್ದಿ ಅಡಿಗಳಲ್ಲಲ್ಲ, ಕ್ಯೂಸೆಕ್ಸ್‌ನಲ್ಲಿ.

2019ರ ಆಗಸ್ಟ್‌ನಲ್ಲಿ ಆ ಅಂಕಿ ಗೋಪಾಳದ ನಮ್ಮ ಮನೆಗೂ ಬಂದಿತು. ಇಷ್ಟು ಸಾವಿರ ಕ್ಯೂಸೆಕ್ಸ್ ಎಂದರೆ ಯಾರ ಮನೆಯ ಎಷ್ಟನೆಯ ಮೆಟ್ಟಿಲು? ವರ್ಷಗಟ್ಟಲೆ ಗಣಿತ ಕಲಿಸಿದ ನನಗೂ ಹೊಳೆಯಲಿಲ್ಲ. ಹೊಳೆಬದಿಯ ತಗ್ಗಿನಲ್ಲಿದ್ದ ಆಪ್ತರೊಬ್ಬರಿಗೆ ಫೋನಿನಲ್ಲಿ ಅಂಕಿಯನ್ನು ಓದಿ ಹೇಳಿದೆ, ಅವರು ಸುಮ್ಮನಿದ್ದರು. "ಮಂಟಪ ಕಾಣುತ್ತಿಲ್ಲವಂತೆ" ಎಂದೆ. ಕೂಡಲೇ ಮಕ್ಕಳನ್ನೂ ಕಾಗದಪತ್ರಗಳನ್ನೂ ಎತ್ತಿಕೊಂಡು ಹೊರಟರು.