‘ದೇವಮಾತೆ’ ಎಂಬ ಮಾತು: ಒಂದು ಪ್ರಾರ್ಥನಾಪದದ ಚರಿತ್ರೆ

ಮತಗಳ ಚರಿತ್ರೆಯನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಅರಸರ ಆಜ್ಞೆಗಳನ್ನೂ ಧರ್ಮಾಧ್ಯಕ್ಷರ ನಿರ್ಣಯಗಳನ್ನೂ ಲಕ್ಷ್ಯಕ್ಕೆ ತಂದುಕೊಳ್ಳುತ್ತಾರೆ. ಜನರು ದಿನವೂ ಹೇಳಿಕೊಳ್ಳುವ ಪ್ರಾರ್ಥನೆಯ ಪದಗಳ ಕಡೆಗೆ ಅವರ ದೃಷ್ಟಿ ಹೋಗುವುದು ಕಡಮೆ. ಆದರೆ ಕ್ರೈಸ್ತರೊಳಗೆ ಬಹುಕಾಲ ಉಳಿದ ಒಂದು ಒಡಕು ಹುಟ್ಟಿದುದು ಪ್ರಾರ್ಥನೆಯ ಒಂದೇ ಒಂದು ಪದದಿಂದ. ಯೇಸುವಿನ ತಾಯಿ ಮರಿಯಳನ್ನು ‘ದೇವಮಾತೆ’ ಎನ್ನಬೇಕೆ, ‘ಕ್ರಿಸ್ತಮಾತೆ’ ಎನ್ನಬೇಕೆ ಎಂಬುದೇ ಆ ವಿವಾದ. ಐದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಎದ್ದ ಈ ಪ್ರಶ್ನೆ ಹದಿನಾರನೆಯ ಶತಮಾನದ ಕೊನೆಗೆ ಗೋವೆಯ ಮಾರ್ಗವಾಗಿ ಕೇರಳಕ್ಕೆ ಬಂದಿತು. ಗೋವೆ, ಕೇರಳ ಎರಡೂ ನಮ್ಮ ಗಡಿಗೆ ತಾಗಿದ ನಾಡುಗಳಾದುದರಿಂದ ಈ ಚರಿತ್ರೆಯನ್ನು ನಾವು ತಿಳಿದಿರುವುದು ಉಚಿತ.

ಮೊದಲು ಪದದ ವಿಚಾರ. ಗ್ರೀಕ್ ಭಾಷೆಯ ‘ಥೆಯೊಟೊಕೊಸ್’ ಎಂದರೆ ದೇವರನ್ನು ಹೆತ್ತವಳು. ಈಜಿಪ್ಟ್ ಮೊದಲಾದ ಕಡೆಗಳಲ್ಲಿ ಭಕ್ತರು ಇದನ್ನು ಹಿಂದಿನಿಂದಲೂ ಬಳಸುತ್ತಿದ್ದರು. ೪೨೮ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೀಠವೇರಿದ ನೆಸ್ಟೋರಿಯಸನು ಇದಕ್ಕೆ ಆಕ್ಷೇಪವೆತ್ತಿದನು. ಅನಾದಿಯಾದ ದೈವತ್ವಕ್ಕೆ ಮಾನವ ಸ್ತ್ರೀ ಜನ್ಮ ಕೊಟ್ಟಳೆಂಬ ಭ್ರಮೆ ಇದರಿಂದ ಹುಟ್ಟೀತೆಂದೂ, ‘ಕ್ರಿಸ್ಟೊಟೊಕೊಸ್’, ಅಂದರೆ ಕ್ರಿಸ್ತನನ್ನು ಹೆತ್ತವಳು, ಎಂಬುದೇ ನಿರ್ದುಷ್ಟವಾದ ಮಾತೆಂದೂ ಅವನ ವಾದ. ಅಲೆಕ್ಸಾಂಡ್ರಿಯದ ಸಿರಿಲನು ಇದನ್ನು ಖಂಡಿಸಿದನು. ಹುಟ್ಟಿದವನು ಒಬ್ಬನೇ, ಅವನು ದೇವರೂ ಹೌದು, ಮನುಷ್ಯನೂ ಹೌದು, ಆದುದರಿಂದ ಅವನ ತಾಯಿ ದೇವರ ತಾಯಿಯೇ ಎಂದು ಅವನು ಹೇಳಿದನು. ನಮ್ಮ ಭಾಷೆಯಲ್ಲಿ ‘ರಾಜಮಾತೆ’ ಎಂಬ ಮಾತುಂಟಷ್ಟೆ. ರಾಜಮಾತೆ ರಾಜತ್ವವನ್ನು ಹೆತ್ತವಳಲ್ಲ, ರಾಜನಾದವನನ್ನು ಹೆತ್ತವಳು. ಸಿರಿಲನ ತರ್ಕದ ದಾರಿ ಇದೇ. ಇನ್ನು ವ್ಯಾಕರಣದ ದೃಷ್ಟಿಯಿಂದ ನೋಡಿದರೆ, ‘ದೇವಮಾತೆ’ಯನ್ನು ಷಷ್ಠೀ ತತ್ಪುರುಷವಾಗಿ ಬಿಡಿಸಿದಾಗ ‘ದೇವರ ಮಾತೆ’ ಎಂದಾಗುತ್ತದೆ. ಕರ್ಮಧಾರಯವಾಗಿ ಬಿಡಿಸಿದರೆ ‘ದೇವಿಯೇ ಆದ ಮಾತೆ’ ಎಂದಾಗುತ್ತದೆ. ಎರಡನೆಯ ಅರ್ಥವನ್ನು ಸಿರಿಲನ ಪಕ್ಷದವರೂ ಹೇಳಲಿಲ್ಲ. ಆದರೆ ಒಂದು ಸಮಾಸಪದವು ಕೇಳುವವನ ಕಿವಿಯಲ್ಲಿ ಹೇಗೆ ಬೇರೊಂದು ಅರ್ಥ ತಾಳಬಹುದೆಂಬ ನೆಸ್ಟೋರಿಯಸನ ಅಂಜಿಕೆ ನಿರಾಧಾರವಾದುದಲ್ಲವೆಂಬುದಕ್ಕೆ ನಮ್ಮ ಕನ್ನಡವೇ ಸಾಕ್ಷಿ.

ಈ ವಿವಾದವನ್ನು ತೀರ್ಮಾನಿಸಲು ಚಕ್ರವರ್ತಿ ಎರಡನೆಯ ಥಿಯೊಡೋಸಿಯಸನು ೪೩೧ರಲ್ಲಿ ಎಫೆಸದಲ್ಲಿ ಮಹಾಸಭೆಯನ್ನು ಕರೆದನು. ಅಂತಿಯೋಕ್ಯದ ಯೋಹಾನನೂ ಅವನ ಕಡೆಯ ಬಿಷಪರೂ ಬಂದು ಸೇರುವುದಕ್ಕೆ ಮೊದಲೇ ಸಿರಿಲನು ಸಭೆಯನ್ನಾರಂಭಿಸಿ ನೆಸ್ಟೋರಿಯಸನನ್ನು ಪದಚ್ಯುತನನ್ನಾಗಿ ಮಾಡಿಸಿದನು. ತಡವಾಗಿ ಬಂದವರು ಪ್ರತಿಸಭೆ ಸೇರಿ ಸಿರಿಲನನ್ನೇ ಪದಚ್ಯುತನೆಂದು ಸಾರಿದರು. ೪೩೩ರಲ್ಲಿ ಸಿರಿಲನೂ ಯೋಹಾನನೂ ರಾಜಿಯಾದರು. ನೆಸ್ಟೋರಿಯಸನು ಮಾತ್ರ ಈಜಿಪ್ಟಿನಲ್ಲಿ ಗಡೀಪಾರಾಗಿಯೇ ಕಾಲ ಕಳೆದನು. ರೋಮನ್ ಸಾಮ್ರಾಜ್ಯದ ಹೊರಗೆ, ಪರ್ಷಿಯದಲ್ಲಿದ್ದ ಪೂರ್ವಸಭೆಯು ಆ ಖಂಡನೆಯನ್ನು ಒಪ್ಪದೆ ಅವನನ್ನು ಆಚಾರ್ಯನೆಂದೇ ಗೌರವಿಸಿತು. ಅದರ ಸುರಿಯಾನಿ ಪ್ರಾರ್ಥನೆಗಳಲ್ಲಿ ‘ಕ್ರಿಸ್ತಮಾತೆ’ ಎಂಬ ಮಾತೇ ನಿಂತಿತು.

ಕೇರಳದ ಸಂತ ತೋಮರ ಕ್ರೈಸ್ತರು ಶತಮಾನಗಳ ಕಾಲ ಈ ಪೂರ್ವಸಭೆಯಿಂದಲೇ ಬಿಷಪರನ್ನು ಪಡೆಯುತ್ತಿದ್ದರು. ಅವರ ಆರಾಧನೆಯ ಭಾಷೆ ಸುರಿಯಾನಿ, ಮನೆಯ ಭಾಷೆ ಮಲಯಾಳ. ಪೋರ್ತುಗೀಸರು ಬಂದ ಮೇಲೆ ಈ ಪ್ರಾರ್ಥನೆಗಳು ಸಂಶಯಕ್ಕೆ ಗುರಿಯಾದವು. ಪೂರ್ವದಿಂದ ಬಂದು ಪೋಪರ ಮನ್ನಣೆಯನ್ನೂ ಪಡೆದಿದ್ದ ಬಿಷಪ್ ಮಾರ್ ಅಬ್ರಹಾಮರು ೧೫೯೭ರಲ್ಲಿ ತೀರಿಕೊಂಡರು. ಗೋವೆಯ ಆರ್ಚ್‌ಬಿಷಪ್ ಅಲೆಕ್ಸೊ ಡಿ ಮೆನೆಜಿಸರು ೧೫೯೯ರಲ್ಲಿ ಕೇರಳಕ್ಕೆ ಬಂದು, ಕೊಚ್ಚಿಯ ಸಮೀಪದ ಉದಯಂಪೇರೂರಿನಲ್ಲಿ ಜೂನ್ ೨೦ರಿಂದ ೨೬ರವರೆಗೆ ಧರ್ಮಸಭೆಯನ್ನು ನಡೆಸಿದರು. ನೆಸ್ಟೋರಿಯಸನ ಹೆಸರನ್ನು ಪೂಜಾವಿಧಿಯಿಂದ ತೆಗೆಯಬೇಕು, ‘ಕ್ರಿಸ್ತಮಾತೆ’ ಎಂದಿರುವಲ್ಲಿ ‘ದೇವಮಾತೆ’ ಎನ್ನಬೇಕು, ಸುರಿಯಾನಿ ಗ್ರಂಥಗಳನ್ನು ತಿದ್ದುವುದಕ್ಕೆ ಒಪ್ಪಿಸಬೇಕು, ದೋಷವುಳ್ಳವನ್ನು ನಾಶಮಾಡಬೇಕು ಎಂದು ನಿರ್ಣಯಗಳಾದವು. ಎಷ್ಟೋ ಹಸ್ತಪ್ರತಿಗಳು ಬೆಂಕಿಗೆ ಬಿದ್ದವು. ಹಳೆಯ ಸುರಿಯಾನಿ ಗ್ರಂಥಗಳ ಈ ನಷ್ಟವು ಕೇರಳದ ಚರಿತ್ರೆಯನ್ನು ಶೋಧಿಸುವವರಿಗೆ ಇಂದಿಗೂ ದೊಡ್ಡ ಕೊರತೆಯಾಗಿದೆ. ಸಭೆಯಲ್ಲಿ ನೂರಾರು ಮಂದಿ ಪಾದ್ರಿಗಳೂ ಗೃಹಸ್ಥರೂ ಇದ್ದರು, ಒಪ್ಪಿಗೆಯನ್ನೂ ಕೊಟ್ಟರು. ಆದರೆ ಸಭೆಯನ್ನು ಕರೆದವರೂ ನಿರ್ಣಯಗಳನ್ನು ಮುಂದಿಟ್ಟವರೂ ಹೊರಗಿನವರು.

ಮುಂದೆ ಐವತ್ತನಾಲ್ಕು ವರ್ಷಗಳಿಗೆ ಇದರ ಫಲ ಕಂಡಿತು. ಪೂರ್ವದಿಂದ ಬಂದ ಅಹತಲ್ಲಾ ಎಂಬ ಬಿಷಪರನ್ನು ಪೋರ್ತುಗೀಸರು ತಡೆದರೆಂದು ಕೆರಳಿದ ಜನರು ೧೬೫೩ರ ಜನವರಿ ೩ರಂದು ಮಟ್ಟಾಂಚೇರಿಯಲ್ಲಿ ನೆರೆದು, ಆರ್ಚ್‌ಬಿಷಪ್ ಗಾರ್ಸಿಯರಿಗೆ ಇನ್ನು ವಿಧೇಯರಾಗಿರೆವೆಂದು ಪ್ರತಿಜ್ಞೆ ಮಾಡಿದರು. ಎಲ್ಲರ ಕೈಗೂ ಶಿಲುಬೆ ಸಿಗದುದರಿಂದ ಅದಕ್ಕೆ ಹಗ್ಗ ಕಟ್ಟಿ ಹಿಡಿದರೆಂದೂ, ಎಳೆತಕ್ಕೆ ಅದು ಬಾಗಿತೆಂದೂ ಜನಶ್ರುತಿ. ‘ಬಾಗಿದ ಶಿಲುಬೆಯ ಪ್ರತಿಜ್ಞೆ’ ಎಂಬ ಹೆಸರು ಬಂದುದು ಇದರಿಂದ. ರೋಮಿನಿಂದ ಬಂದ ಕಾರ್ಮೆಲೈಟ್ ಪಾದ್ರಿಗಳ ಪ್ರಯತ್ನದಿಂದ ಹಲವರು ಕಥೋಲಿಕ ಸಭೆಗೆ ಮರಳಿದರು. ಉಳಿದವರು ೧೬೬೫ರಲ್ಲಿ ಬಂದ ಮಾರ್ ಗ್ರೆಗೋರಿಯೋಸರ ಮೂಲಕ ಅಂತಿಯೋಕ್ಯದ ಸುರಿಯಾನಿ ಸಭೆಯ ಸಂಬಂಧ ಬೆಳೆಸಿದರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅಂತಿಯೋಕ್ಯದ ಆ ಸಭೆಯೂ ನೆಸ್ಟೋರಿಯಸನನ್ನು ಖಂಡಿಸುವುದೇ. ಮರಿಯಳನ್ನು ದೇವಮಾತೆಯೆಂದೇ ಸ್ತುತಿಸುವುದು. ಹೀಗೆ ಅಗಲಿದ ಎರಡು ಪಂಗಡಗಳೂ ಕೊನೆಗೆ ಒಂದೇ ಪದವನ್ನು ಪ್ರಾರ್ಥನೆಯಲ್ಲಿ ಹೇಳಿದವು! ಒಡಕಿಗೆ ಪದವೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಪದವನ್ನು ಯಾರು, ಯಾವ ಅಧಿಕಾರದಿಂದ, ಯಾವ ರೀತಿಯಲ್ಲಿ ಬದಲಿಸಿದರು ಎಂಬುದೇ ಜನರ ಮನಸ್ಸನ್ನು ನೋಯಿಸಿತೆಂದು ಹೇಳಬೇಕಾಗುತ್ತದೆ. ಹಿರಿಯರಿಂದ ಬಂದ ನುಡಿಯನ್ನು ಹೊರಗಿನ ಅಧಿಕಾರವು ತಿದ್ದಲು ಬಂದಾಗ ಆಗುವ ನೋವೆಂಥದೆಂದು ಗಡಿನಾಡಿನ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ.

ಮರಿಯಳ ಕುರಿತಾದ ಇನ್ನೊಂದು ವಿವಾದವನ್ನು ಇದರೊಡನೆ ಬೆರೆಸಬಾರದು. ಅದು ಬಿರುದಿನ ವಿವಾದವಲ್ಲ, ಬೇಡಿಕೆಯ ವಿವಾದ. ಕಥೋಲಿಕರು ಜಪಸರದಲ್ಲಿ ಹೇಳುವ ಮರಿಯಳ ಪ್ರಾರ್ಥನೆಯ ಪೂರ್ವಾರ್ಧವು ಲೂಕನ ಸುವಾರ್ತೆಯಲ್ಲಿ ದೇವದೂತನೂ ಎಲಿಸಬೇತಳೂ ನುಡಿದ ವಂದನೆಗಳಿಂದ ಬಂದುದು. ಪಾಪಿಗಳಿಗಾಗಿ ಬೇಡಿಕೊಳ್ಳೆಂದು ಆಕೆಯನ್ನು ಕೇಳುವ ಉತ್ತರಾರ್ಧವು ಕ್ರಮೇಣ ಬೆಳೆದು, ೧೫೬೮ರಲ್ಲಿ ಐದನೆಯ ಪಿಯುಸ್ ಪೋಪರು ಪ್ರಕಟಿಸಿದ ಪ್ರಾರ್ಥನಾಗ್ರಂಥದಲ್ಲಿ ಸ್ಥಿರವಾಯಿತು. ಲೂಥರನು ದೇವಮಾತೆಯೆಂಬ ಹೆಸರನ್ನು ಅಲ್ಲಗಳೆಯಲಿಲ್ಲ. ಆಕೆಯ ಮಧ್ಯಸ್ಥಿಕೆಯನ್ನು ಬೇಡುವುದನ್ನು ವಿರೋಧಿಸಿದನು. ಸಂತರ ಸಹಾಯವನ್ನು ಕೋರುವುದು ಹಿತಕರವೆಂದು ಟ್ರೆಂಟ್ ಮಹಾಸಭೆಯು ೧೫೬೩ರಲ್ಲಿ ಉತ್ತರ ಕೊಟ್ಟಿತು. ಕೇರಳದಲ್ಲಿ ೧೮೩೬ರ ಸುಮಾರಿಗೆ ಮಾರಾಮಣ್ಣಿನ ಅಬ್ರಹಾಂ ಮಲ್ಪಾನರು ಸುರಿಯಾನಿ ಪೂಜಾವಿಧಿಯಿಂದ ಸಂತರನ್ನು ಕುರಿತ ಪ್ರಾರ್ಥನೆಗಳನ್ನು ತೆಗೆದುಹಾಕಿದರು. ಮಾರ್ ತೋಮಾ ಸಭೆಯ ಮೂಲ ಅದು. ನಮ್ಮ ಕರಾವಳಿಯಲ್ಲಿಯೂ ಈ ಭೇದವನ್ನು ಕಾಣಬಹುದು. ಮಂಗಳೂರು, ಕಾಸರಗೋಡುಗಳ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆಯ ‘ತೆರ್ಸ್’ ಜಪ ನಡೆದುಬಂದಿದೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಪರಂಪರೆಯವರು ಆ ಜಪವನ್ನು ಮಾಡುವುದಿಲ್ಲ.

ಮೊದಲ ವಿವಾದಕ್ಕೆ ಮಾತ್ರ ಒಂದು ಸಮಾಧಾನ ದೊರೆತಿದೆ. ೧೯೯೪ರ ನವೆಂಬರ್ ೧೧ರಂದು ಎರಡನೆಯ ಜಾನ್ ಪಾಲ್ ಪೋಪರೂ ಪೂರ್ವಸಭೆಯ ಅಂದಿನ ಪಿತಾಮಹ ನಾಲ್ಕನೆಯ ಮಾರ್ ದಿನ್ಖರೂ ರೋಮಿನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದರು. ಒಂದು ಸಭೆ ಮರಿಯಳನ್ನು ದೇವಮಾತೆಯೆಂದೂ ಇನ್ನೊಂದು ಕ್ರಿಸ್ತಮಾತೆಯೆಂದೂ ಕರೆಯುವುದು ಒಂದೇ ವಿಶ್ವಾಸದ ಎರಡು ನುಡಿಗಳು, ಎರಡೂ ನ್ಯಾಯವಾದುವೇ ಎಂಬುದು ಅದರ ತಾತ್ಪರ್ಯ. ಆ ಪೂರ್ವಸಭೆಯ ಭಾರತೀಯ ಶಾಖೆಯು ತ್ರಿಶ್ಶೂರಿನಲ್ಲಿ ಇಂದಿಗೂ ಇದೆ. ೨೦೦೧ರಲ್ಲಿ ರೋಮು ಆ ಸಭೆಯ ಪ್ರಾಚೀನ ಪೂಜಾಪ್ರಾರ್ಥನೆಯನ್ನು ಇದ್ದಂತೆಯೇ ಸಿಂಧುವೆಂದು ಮನ್ನಿಸಿತು.

ಎಫೆಸದಿಂದ ಈ ಘೋಷಣೆಯವರೆಗೆ ಕಳೆದುದು ೧೫೬೩ ವರ್ಷ. ಉದಯಂಪೇರೂರಿನಲ್ಲಿ ಒಂದು ವಾರದಲ್ಲಿ ಮುಗಿಸಿದ ಕೆಲಸವು ಮುಗಿದಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ತರಗತಿಯಲ್ಲಿ ಈ ಚರಿತ್ರೆಯನ್ನು ಹೇಳುವ ಉಪಾಧ್ಯಾಯರು ಒಂದು ಪಕ್ಷ ಪಾಷಂಡಿ, ಇನ್ನೊಂದು ಸತ್ಯವಾದಿ ಎಂಬ ಹಳೆಯ ವಿಂಗಡಣೆಯನ್ನು ಬಿಟ್ಟು, ಪ್ರತಿಯೊಂದು ಪಕ್ಷವೂ ಆ ಪದದಿಂದ ಏನನ್ನು ಕಾಪಾಡಲು ಬಯಸಿತೆಂದು ಮೊದಲು ಕೇಳುವುದು ಲೇಸು. ಒಬ್ಬರು ಕಾಪಾಡಲು ಹೊರಟುದು ಕ್ರಿಸ್ತನ ಏಕತ್ವವನ್ನು. ಇನ್ನೊಬ್ಬರು ದೇವರ ಅನಾದಿತ್ವವನ್ನು. ಬೆಂಕಿಗೆ ಬಿದ್ದ ಹಸ್ತಪ್ರತಿಗಳಲ್ಲಿ ಇದನ್ನು ತಿಳಿಯಲು ಬೇಕಾದ ಪುಟಗಳೂ ಇದ್ದಿರಬೇಕು.