ಕೋಲಿನ ಮೇಲಿನ ಆ ಆರು

ಅಮೆರಿಕದಲ್ಲಿ ಗಾಳದ ಅಂಗಡಿಗೆ ಹೋಗಿ, ‘ಟ್ರೌಟ್‌ಗೂ ಆಗಬೇಕು, ಬಾಸ್‌ಗೂ ಆಗಬೇಕು, ಒಂದೇ ಫ್ಲೈ ರಾಡ್ ಸಾಕು’ ಅನ್ನಿ. ಹೆಚ್ಚಾಗಿ ನಿಮ್ಮ ಕೈಗೆ ಬರೋದು ಒಂಬತ್ತು ಅಡಿಯ ಕೋಲು. ಹಿಡಿಯ ಹತ್ತಿರ 5 ಅಥವಾ 6 ಅಂತ ಬರೆದಿರುತ್ತೆ. ಅದು ಕೋಲಿನ ತೂಕ ಅಲ್ಲ, ಮೀನಿನ ತೂಕವೂ ಅಲ್ಲ. ದಾರದ ತೂಕ.

ಮಾಮೂಲಿ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಗರಿ, ನೂಲು ಸುತ್ತಿ ಮಾಡಿದ ಹುಸಿನೊಣಕ್ಕೆ ಭಾರವೇ ಇಲ್ಲ. ಅದನ್ನು ಹೊತ್ತೊಯ್ಯುವುದು ದಾರ. ಆ ದಾರದ ಭಾರಕ್ಕೆ ಕೋಲು ತಕ್ಕಷ್ಟು ಬಾಗಬೇಕು.

ರೇಷ್ಮೆ ದಾರದ ಕಾಲದಲ್ಲಿ ಅಂಕಿ ಇರಲಿಲ್ಲ, ಅಕ್ಷರ ಇತ್ತು. ‘ಎ’ ಅಂದ್ರೆ 0.060 ಇಂಚು ದಪ್ಪ. ಮುಂದಿನ ಒಂದೊಂದು ಅಕ್ಷರಕ್ಕೂ 0.005 ಇಂಚು ಕಡಿಮೆ. ‘ಎಚ್‌ಡಿಎಚ್’ ಅಂದ್ರೆ ತುದಿಗಳು ಸಣ್ಣ, ನಡು ದಪ್ಪ. ಎಲ್ಲವೂ ರೇಷ್ಮೆಯೇ ಆಗಿದ್ದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾಗುತ್ತಿತ್ತು. ಎರಡನೇ ಮಹಾಯುದ್ಧದ ನಂತರ ನೈಲಾನ್ ದಾರ, ಆಮೇಲೆ ಪ್ಲಾಸ್ಟಿಕ್ ಲೇಪದ ದಾರ ಬಂದವು. ನೈಲಾನ್ ರೇಷ್ಮೆಗಿಂತ ಹಗುರ. ಅಕ್ಷರ ಅದೇ, ತೂಕ ಬೇರೆ. ಹಳೇ ಕೋಲು ಹೊಸ ದಾರಕ್ಕೆ ಸರಿಯಾಗಿ ಬಾಗಲೇ ಇಲ್ಲ.

ಕೊನೆಗೆ 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರ ಸಂಘ ದಪ್ಪ ಬಿಟ್ಟು ತೂಕ ಹಿಡಿಯಿತು. ದಾರದ ಮೊದಲ 30 ಅಡಿ ತೂಗಿ: 140 ಗ್ರೇನ್ ಇದ್ದರೆ 5, 160 ಇದ್ದರೆ 6, 210 ಇದ್ದರೆ 8. ಆರು ಅಂದ್ರೆ ಸುಮಾರು 10.4 ಗ್ರಾಂ, ಅಷ್ಟೇ! ಈ ನಡುವೆ ಕೋಲೂ ಬದಲಾಯಿತು. 1950ರಲ್ಲಿ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿದ ಮೇಲೆ ಅಲ್ಲಿನ ಟೊಂಕಿನ್ ಬಿದಿರು ಸಿಗದಾಯಿತು; ಫೈಬರ್‌ಗ್ಲಾಸ್ ಆ ಜಾಗ ತುಂಬಿತು, 1970ರ ದಶಕದಲ್ಲಿ ಕಾರ್ಬನ್ ಬಂತು. ಅಂಕಿ ಮಾತ್ರ ಉಳಿಯಿತು.

ಆರು ನಡುವಿನ ದಾರಿ. ಬಾಸ್‌ನ ದೊಡ್ಡ ನೊಣವನ್ನು ಗಾಳಿಗೆದುರು ಒಯ್ಯುವಷ್ಟು ಭಾರ, ಟ್ರೌಟ್ ಬೆದರದಷ್ಟು ನಯ. ಸಣ್ಣ ತೊರೆಗೆ ಅದು ಒರಟು, ಸಮುದ್ರಕ್ಕೆ ಸಾಲದು. ಹಾಗಂತ ಮೋಜಿಗಾಗಿ ತೀರಾ ಹಗುರ ಕೋಲು ಹಿಡಿದು ಬಲವಾದ ಮೀನನ್ನು ಬಹಳ ಹೊತ್ತು ದಣಿಸಬೇಡಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ನೀವು ಬಿಟ್ಟ ಮೀನು ಈಜಿ ಹೋದರೂ ಆಮೇಲೆ ಸಾಯಬಹುದು.

ಇನ್ನೊಂದು ಮಾತು. ಈಗಿನ ಗಟ್ಟಿ ಕೋಲುಗಳಿಗೆ ಹೊಂದಲಿ ಅಂತ, ಆರು ಎಂದು ಬರೆದ ಎಷ್ಟೋ ದಾರಗಳನ್ನು 160 ಗ್ರೇನ್‌ಗಿಂತ ಭಾರವಾಗಿಯೇ ಮಾಡುತ್ತಾರೆ. ಕೊಳ್ಳುವಾಗ ಅಂಕಿಯೊಂದನ್ನೇ ನಂಬಬೇಡಿ, ಡಬ್ಬಿಯ ಮೇಲಿನ ಗ್ರೇನ್ ಓದಿ.