ಕವಳಿ ಬೇಲಿಯ ಕಥೆ

ಪುಣೆಯಿಂದ ದಿವೆ ಘಾಟ ಹತ್ತಿ ಮುಂದೆ ಹೋದರೆ ಸಾಸವಡ. ಆಚಾರ್ಯ ಅತ್ರೆಯವರ ಊರು, ಅಂಜೂರ-ಸೀತಾಫಲದ ಸೀಮೆ. ಮೂವತ್ತು ವರ್ಷದಿಂದ ಪುಣೆಯಲ್ಲಿರುವ ನನ್ನಂಥ ಧಾರವಾಡದವನನ್ನು ಈ ಊರಿಗೆ ಕಟ್ಟಿಹಾಕಿದ್ದು ಒಂದು ಮುಳ್ಳುಕಂಟಿ. ನಮ್ಮ ಕಡೆ ಕವಳಿಹಣ್ಣು ಅಂತೀವಲ್ಲ, ಅದೇ. ಇಲ್ಲಿ ಕರವಂದ, ತುಳುನಾಡಿನಲ್ಲಿ ಕರಂಡೆ. ಬೇಸಿಗೆ ಬಂತೆಂದರೆ ‘ಡೋಂಗರಚಿ ಕಾಳಿ ಮೈನಾ’ ಎಂದು ಕೂಗುತ್ತ ಬುಟ್ಟಿ ಹೊತ್ತು ಮಾರುತ್ತಾರೆ. ಬೆಟ್ಟದ ಕರಿ ಮೈನಾ!

ಈ ಕಂಟಿಗೂ ಇತಿಹಾಸವಿದೆ ಅಂದರೆ ನಗಬೇಡಿ.

1665ರಲ್ಲಿ ಮೊಗಲರ ಸೇನಾಪತಿ ಮಿರ್ಜಾ ರಾಜಾ ಜಯಸಿಂಗ ಬೀಡು ಬಿಟ್ಟಿದ್ದು ಸಾಸವಡದ ಹತ್ತಿರವೇ. ಪುರಂದರ ಕೋಟೆ ಕಾಯುತ್ತ ಮುರಾರಬಾಜಿ ದೇಶಪಾಂಡೆ ಸತ್ತ. ಜೂನ್ ತಿಂಗಳ ಒಪ್ಪಂದದಲ್ಲಿ ಶಿವಾಜಿ 23 ಕೋಟೆ ಬಿಟ್ಟುಕೊಡಬೇಕಾಯಿತು. ಐವತ್ತು ವರ್ಷದ ಮೇಲೆ, 1715ರ ಹೊತ್ತಿಗೆ, ರಾಮಚಂದ್ರಪಂತ ಅಮಾತ್ಯ ‘ಆಜ್ಞಾಪತ್ರ’ ಬರೆದಾಗ ಕೋಟೆಯ ಸುತ್ತಿನ ಪೊದೆಗಾಡನ್ನು ಪ್ರಯತ್ನಪಟ್ಟು ಬೆಳೆಸಬೇಕು, ಅದರಿಂದ ಒಂದು ಕಡ್ಡಿಯನ್ನೂ ಕಡಿಯಗೊಡಬಾರದು ಎಂದು ಎಚ್ಚರಿಸಿದ. ಸಹ್ಯಾದ್ರಿಯ ಇಳಿಜಾರಿನಲ್ಲಿ ಪೊದೆ ಅಂದಮೇಲೆ ಕವಳಿ ಇಲ್ಲದೆ ಇರುತ್ತದೆಯೇ?

ಇದೇ ಮುಳ್ಳಿಗೆ ಇನ್ನೊಂದು ಮುಖವೂ ಇದೆ. ಉಪ್ಪಿನ ತೆರಿಗೆ ತಪ್ಪಿಸಿ ಯಾರೂ ಉಪ್ಪು ಸಾಗಿಸಬಾರದೆಂದು ಬ್ರಿಟಿಷರು ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಂಕದ ಗಡಿ ಹಾಕಿದ್ದರು. 1869ರಲ್ಲಿ ಅದರ ಉದ್ದ ಸುಮಾರು 2,300 ಮೈಲಿ, ಕಾವಲಿಗೆ ಹತ್ತಿರ ಹತ್ತಿರ 12,000 ಜನ! ಗಡಿಯ ಬಹುಭಾಗದಲ್ಲಿ ಜಾಲಿ, ಬೋರೆ, ಪಾಪಾಸುಕಳ್ಳಿ, ಜೊತೆಗೆ ನಮ್ಮ ಕವಳಿಯ ಬೇಲಿ. ಒಣಮುಳ್ಳಿನ ಬದಲು ಜೀವಂತ ಬೇಲಿ ಬೆಳೆಸಲು ಮುತುವರ್ಜಿ ವಹಿಸಿದವನು ಎ.ಓ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಹ್ಯೂಮನೇ. 1879ರಲ್ಲಿ ಆ ಗಡಿ ರದ್ದಾಯಿತು, ಉಪ್ಪಿನ ತೆರಿಗೆ ಮಾತ್ರ ಉಳಿಯಿತು. ಬಡವನ ಗಂಜಿಗೆ ಬೀಳುವ ಚಿಟಿಕೆ ಉಪ್ಪಿಗೆ ಮುಳ್ಳು ಅಡ್ಡ ನಿಂತ ಕಾಲವದು.

ಮುಳ್ಳಿನದೇನು ತಪ್ಪು ಹೇಳಿ? ನೆಟ್ಟವರ ಬುದ್ಧಿ ಅಷ್ಟೇ.

ಇವತ್ತು ಸಾಸವಡದ ಸುತ್ತ ಹೊಲಗಳು ಪ್ಲಾಟುಗಳಾಗುತ್ತಿವೆ, ಬೇಲಿ ಕಿತ್ತು ತಂತಿ ಬಿಗಿಯುತ್ತಾರೆ. ತಂತಿಯಲ್ಲಿ ಹಣ್ಣು ಬಿಡುವುದಿಲ್ಲ, ಹಕ್ಕಿ ಗೂಡು ಕಟ್ಟುವುದಿಲ್ಲ. ನಿಮಗೆ ಜಾಗವಿದ್ದರೆ ಕವಳಿ ಹಾಕಿ ನೋಡಿ. ಹಣ್ಣಿನಿಂದ ತೆಗೆದ ಬೀಜವನ್ನು ತಡಮಾಡದೆ ಬಿತ್ತಬೇಕು, ಹಳೆಯದಾದರೆ ಮೊಳೆಯುವುದಿಲ್ಲ. ಮಳೆಗಾಲದಲ್ಲಿ ಎರಡೆರಡು ಅಡಿಗೊಂದು ಸಸಿ ನೆಡಿ. ಮೊದಲೆರಡು ಬೇಸಿಗೆ ನೀರು ಕೊಟ್ಟರೆ ಸಾಕು, ಆಮೇಲೆ ಬರಕ್ಕೂ ಜಗ್ಗುವುದಿಲ್ಲ. ಹಣ್ಣು ಮುಗಿದ ಮೇಲೆ ಸವರಿ. ಕೈಗೆ ಹಾಲು ಅಂಟುತ್ತದೆ, ಮುಳ್ಳು ಚುಚ್ಚುತ್ತದೆ, ಜೋಕೆ!

ಕಾಯಿ ಇದ್ದಾಗ ಉಪ್ಪಿನಕಾಯಿ ಹಾಕಿ. ಒಂದು ಕಾಲಕ್ಕೆ ಉಪ್ಪನ್ನು ತಡೆದ ಗಿಡಕ್ಕೆ ಈಗ ಧಾರಾಳವಾಗಿ ಉಪ್ಪು ಸುರಿಯಬಹುದು.